ಎಎನ್‌ಎ ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಅಲ್ಲ

"ಎಎನ್‌ಎ ರಕ್ತ ಪರೀಕ್ಷೆ ಪಾಸಿಟಿವ್ ಬಂದರೆ ಲೂಪಸ್ ಇದೆ ಎಂದೇ ಅರ್ಥ" ಎನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಲೂಪಸ್ ಎಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವ ಕಾಯಿಲೆ. ಎಎನ್‌ಎ ಎಂದರೆ ನಮ್ಮದೇ ಜೀವಕೋಶಗಳ ಕೇಂದ್ರಕ್ಕೆ ಅಂಟುವ ಆಂಟಿಬಾಡಿಗಳು (ರೋಗನಿರೋಧಕ ಪ್ರೋಟೀನ್‌ಗಳು). ರಿಪೋರ್ಟ್ ನೋಡಿ ನಿದ್ದೆಗೆಟ್ಟವರು ದಯವಿಟ್ಟು ಮುಂದೆ ಓದಿ.

ಈ ಪರೀಕ್ಷೆಯಲ್ಲಿ ಲ್ಯಾಬಿನವರು ಸೀರಮ್ಮನ್ನು (ರಕ್ತದ ತಿಳಿ ಭಾಗವನ್ನು) ತೆಳು ಮಾಡುತ್ತಾ ಹೋಗಿ, ಹೆಪ್-2 ಎಂಬ ಜೀವಕೋಶಗಳ ಮೇಲೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ಹೊಳಪು (ಆಂಟಿಬಾಡಿ ಅಂಟಿದ ಗುರುತು) ಕಾಣುತ್ತದೆಯೇ ಎಂದು ನೋಡುತ್ತಾರೆ. 1:40ರಷ್ಟು ಮಾತ್ರ ತೆಳು ಮಾಡಿದರೆ ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು 30 ಮಂದಿಗೆ ಪಾಸಿಟಿವ್ ಬರಬಹುದು. 1:160ಕ್ಕೆ ಹೋದರೆ ಅದು ಸುಮಾರು 5ಕ್ಕೆ ಇಳಿಯುತ್ತದೆ. ಎಷ್ಟು ವ್ಯತ್ಯಾಸ ನೋಡಿ! ಅದಕ್ಕೇ ಬರೀ 'ಪಾಸಿಟಿವ್' ಎಂದು ಬರೆದ ರಿಪೋರ್ಟ್ ಸಾಲದು. ಟೈಟರ್ (ಎಷ್ಟು ತೆಳು ಮಾಡಿದರೂ ಪಾಸಿಟಿವ್ ಬಂತು ಎಂಬ ಅಳತೆ) ಎಷ್ಟು, ಹೊಳಪಿನ ಪ್ಯಾಟರ್ನ್ ಯಾವುದು ಎಂದೂ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಲ್ಯಾಬಿನಲ್ಲಿ ಕೇಳಿ, ಸಂಕೋಚ ಬೇಡ.

ಹಾಗಂತ ಈ ಪರೀಕ್ಷೆ ದಂಡ ಅಲ್ಲ. ಲೂಪಸ್ ಇರುವ ಬಹುತೇಕ ಎಲ್ಲರಲ್ಲೂ ಎಎನ್‌ಎ ಪಾಸಿಟಿವ್ ಇರುತ್ತದೆ. ಆದರೆ ಅದು ಬಾಗಿಲು ಮಾತ್ರ. ಆಮೇಲೆ ವೈದ್ಯರು ಕೀಲುನೋವು, ಚರ್ಮದ ದದ್ದು, ಮೂತ್ರದಲ್ಲಿ ಪ್ರೋಟೀನ್ ಇವನ್ನೆಲ್ಲ ನೋಡುತ್ತಾರೆ. ಲೂಪಸ್ಸಿಗೇ ಹತ್ತಿರವಾದ ಆಂಟಿ-ಡಿಎಸ್‌ಡಿಎನ್‌ಎ, ಆಂಟಿ-ಸ್ಮಿತ್ ಆಂಟಿಬಾಡಿಗಳನ್ನೂ ಪರೀಕ್ಷಿಸುತ್ತಾರೆ.