ನೀರು ಕಾರ್ಟಿಸಾಲ್ ಅನ್ನು ತೊಳೆದುಹಾಕುವುದಿಲ್ಲ

‘ದಿನಕ್ಕೆ ಐದು ಲೀಟರ್ ನೀರು ಕುಡಿದರೆ ಒತ್ತಡದ ಹಾರ್ಮೋನು ಮೂತ್ರದಲ್ಲಿ ಹೊರಹೋಗುತ್ತದೆ, ಮಾತ್ರೆ ಬೇಡ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅನ್ನು ಮುಖ್ಯವಾಗಿ ಒಡೆಯುವುದು ಯಕೃತ್ತು. ಹೆಚ್ಚು ನೀರು ಕುಡಿದ ಮಾತ್ರಕ್ಕೆ ಆ ಕೆಲಸ ಚುರುಕಾಗುವುದಿಲ್ಲ. ಆದರೆ ಸಂದೇಶದ ಹಿಂದೆ ಒಂದು ನಿಜವಿದೆ. ನೀರು ಕಡಿಮೆಯಾದಾಗ ಮೆದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮೂತ್ರಪಿಂಡಗಳಿಗೆ ನೀರು ಉಳಿಸಲು ಹೇಳುವ ಇದೇ ಹಾರ್ಮೋನು ಕಾರ್ಟಿಸಾಲ್ ಉತ್ಪತ್ತಿಗೂ ಪ್ರಚೋದನೆ ಕೊಡುತ್ತದೆ. 2025ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 32 ಯುವಜನರನ್ನು ಒತ್ತಡದ ಪರೀಕ್ಷೆಗೆ ಒಡ್ಡಿದರು. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ದ್ರವ ಸೇವಿಸುವವರಲ್ಲಿ ಕಾರ್ಟಿಸಾಲ್ ಏರಿಕೆ ಹೆಚ್ಚಿತ್ತು. ಆತಂಕ ಮಾತ್ರ ಕಡಿಮೆ ಕುಡಿಯುವವರಲ್ಲೂ ಹೆಚ್ಚು ಕುಡಿಯುವವರಲ್ಲೂ ಒಂದೇ ತೆರನಾಗಿತ್ತು! ಚಿಕ್ಕ ಅಧ್ಯಯನವಿದು, ಅತಿಯಾಗಿ ಕುಡಿಯಿರಿ ಎಂದು ಅದು ಹೇಳಿಲ್ಲ.

ಅಲ್ಪ ಸಮಯದಲ್ಲಿ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆಯನ್ನು ಮೀರಲೇಬಾರದು. ನನ್ನನ್ನು ಹೆಚ್ಚು ಕಾಡುವುದು ‘ಮಾತ್ರೆ ಬೇಡ’ ಎಂಬ ಮಾತು. ಖಿನ್ನತೆಯ ಔಷಧವನ್ನು ದಯವಿಟ್ಟು ಹಠಾತ್ತಾಗಿ ನಿಲ್ಲಿಸಬೇಡಿ. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.