ಮಿಸ್ಸಿಂಗ್ ಕಂಪ್ಲೇಂಟು

ನನ್ನ ಬೈಕು ಮಿಸ್ಸಿಂಗ್ ಆಗಿ ಎರಡು ತಿಂಗಳಾಗಿತ್ತು. ಕಳುವಾಗಿರಲಿಲ್ಲ, ಮನೆ ಮುಂದೆಯೇ ನಿಂತಿತ್ತು. ಗ್ಯಾರೇಜ್ ಕನ್ನಡ ಬಾರದವರಿಗೆ ಇದು ವಿಚಿತ್ರ ಅನಿಸಬಹುದು. ಆಕ್ಸಿಲರೇಟರ್ ತಿರುಗಿಸಿದಾಗ ಗಾಡಿ ಓಡುವುದು ಬಿಟ್ಟು ಬಿಕ್ಕಳಿಸಿದರೆ ನಮ್ಮಲ್ಲಿ ಅದಕ್ಕೆ ‘ಮಿಸ್ಸಿಂಗ್’ ಎಂದು ಹೆಸರು. ಒಳಗೆ ಹೋದ ಪೆಟ್ರೋಲಿಗೆ ಕಿಡಿ ತಾಗುವುದಿಲ್ಲ. ಅದು ಹಸಿಹಸಿಯಾಗಿಯೇ ಸೈಲೆನ್ಸರಿನಿಂದ ಹೊರಗೆ ಬರುತ್ತದೆ. ದುಡ್ಡು ನಮ್ಮದು, ವಾಸನೆ ಹಿಂದಿನ ಸವಾರನಿಗೆ.

ಮೊದಲ ಸಲ ಬಿಕ್ಕಿದ್ದು ಹೆಬ್ಬಾಳದ ಫ್ಲೈಓವರ್ ಏರುವಾಗ. ಪಕ್ಕಕ್ಕೆ ತಳ್ಳಿ ಸ್ಟ್ಯಾಂಡ್ ಹಾಕುವಷ್ಟರಲ್ಲಿ ತಜ್ಞರ ಸಮಿತಿ ಸೇರಿಬಿಟ್ಟಿತು. ನಮ್ಮೂರಲ್ಲಿ ಮನುಷ್ಯ ಬಿದ್ದರೆ ಜನ ವಿಡಿಯೊ ಮಾಡುತ್ತಾರೆ. ಬೈಕು ನಿಂತರೆ ಮಾತ್ರ ಕರುಳು ಕಿವುಚಿಕೊಂಡು ಓಡಿ ಬರುತ್ತಾರೆ.

‘ಎಥನಾಲ್ ಅಣ್ಣಾ, ಪೆಟ್ರೋಲಲ್ಲಿ 20 ಪರ್ಸೆಂಟ್ ಅದೇ ಈಗ’ ಎಂದ ಊಟ ಡೆಲಿವರಿ ಮಾಡುವ ಹುಡುಗ. ‘ಕಾರ್ಬೊರೇಟರಲ್ಲಿ ಕಸ’ ಎಂದರು ಆಟೋದವರು. ಒಬ್ಬರು ಟ್ಯಾಂಕಿನ ಮುಚ್ಚಳ ತೆಗೆದು ಊದಲು ಹೇಳಿದರು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಮಾತ್ರ ಬೈಕನ್ನು ಬಿಟ್ಟು ನನ್ನನ್ನೇ ತಪಾಸಣೆ ಮಾಡಿದರು: ‘ತಗೊಳ್ಳೋವಾಗಲೇ ಯೋಚನೆ ಮಾಡ್ಬೇಕಿತ್ತು ಅಲ್ವಾ?’

ಎಥನಾಲಿಗೆ ನೀರು ಹೀರುವ ಗುಣ ಇದೆ, ಹಳೇ ಗಾಡಿಯ ರಬ್ಬರಿಗೆ ಅದು ಆಗಿಬರುವುದಿಲ್ಲ, ಒಪ್ಪೋಣ. ಆದರೆ ಈಗ ಟೈರ್ ಪಂಕ್ಚರ್ ಆದರೂ ಎಥನಾಲೇ ಕಾರಣ. ನಮ್ಮ ಅಪ್ಪನ ಕಾಲದಲ್ಲಿ ಇದೇ ಕುರ್ಚಿಯಲ್ಲಿ ಸೀಮೆಎಣ್ಣೆ ಕಲಬೆರಕೆ ಕೂತಿತ್ತು. ರೋಗ ಅದೇ, ಆರೋಪಿ ಮಾತ್ರ ತಲೆಮಾರಿಗೊಬ್ಬ.

ಆಮೇಲೆ ಗ್ಯಾರೇಜ್ ಯಾತ್ರೆ. ಮೊದಲನೆಯವರು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಎರಡನೆಯವರು ಕಿಡಿಗೆ ಕರೆಂಟ್ ಕಳಿಸುವ ಸಿಡಿಐ ಡಬ್ಬಿ ಬದಲಿಸಿದರು, ಜೊತೆಗೆ ಒಂಟಿಯಾಗಿರಬಾರದೆಂದು ಕಾಯಿಲನ್ನೂ ಬದಲಿಸಿದರು. ಮೂರನೆಯವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಸಂಗೀತ ಕೇಳುವವರ ಹಾಗೆ ಎಂಜಿನ್ನಿಗೆ ಕಿವಿಗೊಟ್ಟು, ‘ಎಂಜಿನ್ ಕೆಲಸ ಇದೆ ಸಾರ್’ ಎಂದರು. ಮೂವರಲ್ಲಿ ಒಬ್ಬರೂ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಲಿಲ್ಲ. ನೂರು ರೂಪಾಯಿ ಆಸುಪಾಸಿನ ಸಾಮಾನು ಬಿಚ್ಚಿ ನೋಡಿದರೆ ವಿದ್ಯೆಗೆ ಏನು ಮರ್ಯಾದೆ?

ಕೊನೆಗೆ ನಾನೇ ಡಾಕ್ಟರಾದೆ. ಸೀದಾ ಜೆ.ಸಿ. ರಸ್ತೆಗೆ ಹೋಗಿ ‘ಪ್ಲಗ್ ಕೊಡಿ’ ಎಂದೆ. ‘ಇರಿಡಿಯಂ ಹಾಕಿಬಿಡಿ, ಆಮೇಲೆ ಪಿಕಪ್ ನೋಡಿ’ ಎಂದರು. ಇರಿಡಿಯಂ ಲೋಹ ಒಳ್ಳೆಯದೇ. ಅದು ಕರಗಬೇಕಾದರೆ 2400 ಡಿಗ್ರಿ ದಾಟಬೇಕು. ಅದಕ್ಕೇ ತುದಿಯನ್ನು ಸೂಜಿಯ ಹಾಗೆ ಸಣ್ಣ ಮಾಡಬಹುದು, ಕಿಡಿ ಸುಲಭವಾಗಿ ಹಾರುತ್ತದೆ, ಬಾಳಿಕೆಯೂ ಜಾಸ್ತಿ. ಆದರೆ ಅದರಿಂದ 2009ರ ಬೈಕು ರೇಸ್ ಕುದುರೆ ಆಗುವುದಿಲ್ಲ. ಬಾಡಿಗೆ ಮನೆಗೆ ಬೆಳ್ಳಿ ಕಾಲಿಂಗ್ ಬೆಲ್ ಹಾಕಿಸಿದ ಹಾಗೆ.

ಇನ್ನು ನಂಬರಿನ ಕಥೆ. ಪ್ಲಗ್ಗಿನಲ್ಲಿ ಬಿಸಿ ಪ್ಲಗ್, ತಣ್ಣನೆ ಪ್ಲಗ್ ಎಂದು ಎರಡು ಜಾತಿ. ಕಿಡಿಯ ಬಿಸಿಗೂ ಇದಕ್ಕೂ ಸಂಬಂಧ ಇಲ್ಲ. ತುದಿಯ ಶಾಖವನ್ನು ಬೇಗ ಎಂಜಿನ್ ಹೆಡ್‌ಗೆ ದಾಟಿಸಿದರೆ ತಣ್ಣನೆಯದು, ನಿಧಾನಕ್ಕೆ ದಾಟಿಸಿದರೆ ಬಿಸಿಯದು. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ನಂಬರ್ ಏರಿದಷ್ಟೂ ತಣ್ಣಗೆ. ಬಾಷ್‌ನಲ್ಲಿ ನಂಬರ್ ಏರಿದಷ್ಟೂ ಬಿಸಿ. ಇದೇ ಬಾಷ್ ನಮ್ಮ ಆಡುಗೋಡಿಯಲ್ಲಿ ಮೈಕೋ ಆಗಿದ್ದಾಗ ಪ್ಲಗ್ ಮೇಲೆ 175, 225 ಎಂದು ಇರುತ್ತಿತ್ತು. ಆಗ ಏರಿದಷ್ಟೂ ತಣ್ಣಗೆ! ಒಂದೇ ಮನೆತನದಲ್ಲಿ ಅಪ್ಪ ಹೌದು ಅಂದರೆ ಮಗ ಅಲ್ಲ ಅನ್ನುವ ಹಾಗೆ. 2008ರಲ್ಲಿ ಕಂಪನಿಯ ಹೆಸರೇ ಬಾಷ್ ಎಂದಾಯಿತು. ಬಡಾವಣೆ ಮಾತ್ರ ಇವತ್ತಿಗೂ ಮೈಕೋ ಲೇಔಟ್. ಪುಣ್ಯ, ಅದರ ಬಿಸಿ ತಣ್ಣಗೆ ಯಾರೂ ಕೇಳುವುದಿಲ್ಲ.

ನಾನು ತಂದದ್ದು ‘ರೇಸಿಂಗ್’ ಪ್ಲಗ್, ಅಂದರೆ ತಣ್ಣನೆ ಜಾತಿ. ಅಂಗಡಿಯವರು ಆ ಪದ ಹೇಳಿದ ಮೇಲೆ ಬೇರೆ ಏನೂ ಕೇಳಿಸಲಿಲ್ಲ. ಪ್ಲಗ್ಗಿನ ತುದಿ ಹೆಚ್ಚುಕಡಿಮೆ 450 ಡಿಗ್ರಿ ದಾಟಿದರೆ ಮಾತ್ರ ಅಂಟಿದ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ದಾಟಿದರೆ ಕಿಡಿಗೆ ಕಾಯದೆ ಬೆಂಕಿ ಹತ್ತುವ ಅಪಾಯ. ತಣ್ಣನೆ ಪ್ಲಗ್ ಇರುವುದು ಈ ಎರಡನೇ ಅಪಾಯಕ್ಕೆ, ರೇಸಿನಲ್ಲಿ ಹೊಡೆಯುವವರಿಗೆ. ನಾನು ಅದನ್ನು ಹಾಕಿಕೊಂಡು ದಿನಾ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಲ್ಲುತ್ತಿದ್ದೆ. ಪಕ್ಕದಲ್ಲಿ ಎಳನೀರು ಗಾಡಿ ನನ್ನನ್ನು ಓವರ್‌ಟೇಕ್ ಮಾಡುತ್ತಿತ್ತು. ಹಾಕಿಕೊಟ್ಟ ಹುಡುಗ ಹಳೇ ಪ್ಲಗ್ಗನ್ನು ನೋಡದೆಯೇ ಮೂಲೆಗೆ ಎಸೆದಿದ್ದ. ಎರಡೇ ವಾರದಲ್ಲಿ ಮತ್ತೆ ಬಿಕ್ಕಳಿಕೆ, ಈಗ ರೇಸಿಂಗ್ ಬಿಕ್ಕಳಿಕೆ.

ಆಗ ಸಿಕ್ಕವರು ನಮ್ಮ ಬೀದಿ ಕೊನೆಯ ಪೆಟ್ರೋಲ್ ಬಂಕ್ ಪಕ್ಕದ ಮೆಕ್ಯಾನಿಕ್ ಮುದುಕರು. ಮೈಸೂರಿನಲ್ಲಿ ಜಾವಾ ಬೈಕು ತಯಾರಾಗುತ್ತಿದ್ದ ಕಾಲದವರು. ಆಗ ಟೂ ಸ್ಟ್ರೋಕ್ ಗಾಡಿ ಇಟ್ಟವರ ಹತ್ತಿರ ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಪೇರ್ ಪ್ಲಗ್ ಇದ್ದೇ ಇರುತ್ತಿತ್ತು. ಎಣ್ಣೆ ಹೊಗೆಗೆ ಪ್ಲಗ್ ಕಟ್ಟಿಕೊಂಡರೆ ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜಿ ಮುಂದೆ ಹೋಗುತ್ತಿದ್ದರು. ಇವರು ಗಾಡಿ ಸ್ಟಾರ್ಟ್ ಕೂಡ ಮಾಡಿಸಲಿಲ್ಲ. ಪ್ಲಗ್ ಬಿಚ್ಚಿದರು, ಬೆಳಕಿಗೆ ಹಿಡಿದರು.

‘ನೋಡಿ ಸ್ವಾಮಿ, ಬಿಸ್ಕತ್ ಬಣ್ಣ ಇದ್ರೆ ಗಾಡಿ ಆರೋಗ್ಯ. ಬೆಳ್ಳಗೆ ಸುಟ್ಟಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಇಲ್ಲಾ ಜಾಸ್ತಿ ಕಾಯ್ತಿದೆ. ಒದ್ದೆ ಎಣ್ಣೆ ಇದ್ರೆ ರಿಂಗು, ವಾಲ್ವ್ ಸೀಲ್ ನೋಡ್ಬೇಕು. ನಿಮ್ದು ಒಣ ಕಾಡಿಗೆ. ಮಗು ಕಣ್ಣಿಗೆ ಹಚ್ಬಹುದು.’

ಏರ್ ಫಿಲ್ಟರ್ ಹೊರಗೆಳೆದರು. ಹೊಸ್ತಿಲ ಮುಂದಿನ ಮ್ಯಾಟ್ ಥರ ಇತ್ತು. ಬೆಂಗಳೂರಿನ ಅರ್ಧ ಮೆಟ್ರೊ ಕಾಮಗಾರಿ ಅದರೊಳಗೇ ನಡೆದಿತ್ತು. ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗಿ, ಮಸಿ ಕಟ್ಟಿ, ಕಿಡಿ ತಪ್ಪುತ್ತಿತ್ತು. ಇಷ್ಟಕ್ಕೆ ನಾನು ಕಾಯಿಲ್, ಸಿಡಿಐ ಎಲ್ಲ ದಾನ ಮಾಡಿದ್ದೆ. ‘ಫಿಲ್ಟರ್ ಹಾಕ್ತೀನಿ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಪ್ಲಗ್ ನಂಬರ್ ಇರುತ್ತೆ, ಅದನ್ನೇ ತನ್ನಿ. ಉದ್ದ ಜಾಸ್ತಿ ಇರೋದು ತಂದ್ರೆ ಪಿಸ್ಟನ್ ಹಣೆಗೆ ಹೊಡೆಯುತ್ತೆ’ ಎಂದು ಬಿಚ್ಚಿದ ಪ್ಲಗ್ಗನ್ನು ನನ್ನ ಕೈಗಿಟ್ಟರು. ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ನೆನಪಾಯಿತು: ಮಾರನೇ ದಿನಕ್ಕೆ ಎಮಿಷನ್ ಸರ್ಟಿಫಿಕೇಟ್ ಮುಗಿಯುತ್ತದೆ. 2019ರ ಕಾನೂನಿನಲ್ಲಿ ದಂಡ 10,000 ರೂಪಾಯಿವರೆಗೂ ಇದೆ. ಬಂಕಿನಲ್ಲಿದ್ದ ಎಮಿಷನ್ ಹುಡುಗನನ್ನು ‘ನಾಳೆ ಎಷ್ಟು ಗಂಟೆಗೆ ತೆಗೀತೀರಾ?’ ಎಂದು ಕೇಳಿದೆ.

‘ನಾಳೆ ಯಾಕೆ? ಈಗ್ಲೇ ತನ್ನಿ ಸಾರ್.’

‘ಗಾಡಿ ಸ್ಟಾರ್ಟ್ ಆಗಲ್ಲಪ್ಪ.’

‘ಸ್ಟಾರ್ಟ್ ಯಾಕೆ ಸಾರ್? ಸುಮ್ನೆ ಪೆಟ್ರೋಲ್ ವೇಸ್ಟ್.’

ತಳ್ಳಿಕೊಂಡು ಬಂದೆ. ಹುಡುಗ ನಂಬರ್ ಪ್ಲೇಟಿನ ಫೋಟೊ ಹೊಡೆದ. ಹೊಗೆ ಅಳೆಯುವ ಕೊಳವೆ ಕುರ್ಚಿಯ ಮೇಲೆ ಸುತ್ತಿಕೊಂಡು ಮಲಗಿತ್ತು, ಅದನ್ನು ಎಬ್ಬಿಸಲಿಲ್ಲ. ನನ್ನ ಗಾಡಿಯ ವಯಸ್ಸಿನವಕ್ಕೆ ಕಾರ್ಬನ್ ಮೊನಾಕ್ಸೈಡ್ 3.5 ಪರ್ಸೆಂಟ್, ಸುಡದ ಪೆಟ್ರೋಲ್ ಹೊಗೆ 4500 ಪಿಪಿಎಂ (ಅಂದರೆ ಹತ್ತು ಲಕ್ಷಕ್ಕೆ 4500 ಪಾಲು) ಮಿತಿ. ಮಿಸ್ಸಿಂಗ್ ಆಗುವ ಗಾಡಿ ಸಿಕ್ಕಿಬೀಳುವುದು ಈ ಎರಡನೇ ಲೆಕ್ಕದಲ್ಲಿ. ಪ್ರಿಂಟರ್ ಕಿರ್ರೆಂದಿತು. ಕಾರ್ಬನ್ ಮೊನಾಕ್ಸೈಡ್ 0.38, ಹೊಗೆ 212. ಪಾಸ್! ಆರು ತಿಂಗಳು ನಿಶ್ಚಿಂತೆ. ಆಫ್ ಆಗಿರುವ ಎಂಜಿನ್ನಿಗೆ ಸೊನ್ನೆ ಬರಬೇಕಿತ್ತಲ್ಲ, ಈ 0.38 ಎಲ್ಲಿಂದ ಬಂತು? ಪಕ್ಕದಲ್ಲಿ ಸಿಗರೇಟು ಸೇದುತ್ತಿದ್ದವರದೇ ಇರಬೇಕು.

ಗಾಡಿ ತಳ್ಳಿಕೊಂಡು ವಾಪಸ್ ಹೋಗಿ ಮುದುಕರ ಕೈಗೆ ಕಾಗದ ಕೊಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ನನ್ನ ಜೇಬಿನ ಮೇಲಿನ ಕಪ್ಪು ಕಲೆ ನೋಡಿದರು.

‘ಹಾಗಾದ್ರೆ ಹೊಸ ಪ್ಲಗ್ ತರೋದು ಬೇಡ ಬಿಡಿ ಸ್ವಾಮಿ’ ಎಂದರು. ‘ಹಾಕಿದ್ರೆ ರೀಡಿಂಗ್ ಕೆಟ್ಟೋಗುತ್ತೆ.’