ಒಂದು ಪೀಸ್ ಡೀಲರ್

ನಮ್ಮ ಮನೆ ಕಂಪ್ಯೂಟರ್ 2011ರದ್ದು. ಅದನ್ನು ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಬೆರೆಸಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಕೆಲಸದ ಹೊತ್ತಿನ ಮೆಮೊರಿ ಅಂತ ಅದರಲ್ಲಿ ಇರೋದು 2 ಜಿಬಿ ರ್‍ಯಾಮ್. ಇನ್ನೊಂದು 4 ಜಿಬಿ ಹಾಕಿಸಿ ಅಂದ ಪಕ್ಕದ ಬೀದಿ ರಿಪೇರಿಯವನು. 2,200 ರೂಪಾಯಿ.

"ಎಸ್.ಪಿ. ರೋಡಿಗೆ ಹೋಗೋ, ಡೀಲರ್ ರೇಟಿಗೆ ಸಿಗುತ್ತೆ" ಅಂದರು ಭಾವ. ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಅದು. ಅವರು ಯಾವುದನ್ನೂ ಪೂರ್ತಿ ಬೆಲೆಗೆ ಕೊಂಡವರಲ್ಲ. ಗೃಹಪ್ರವೇಶಕ್ಕೆ ಹಂಚಿದ ಸೀರೆಗಳೆಲ್ಲ ಆಷಾಢ ಸೇಲಿನವು.

ಮೊದಲ ಸಲ ಹೋಗಿದ್ದು ಭಾನುವಾರ. ಬೀದಿ ತುಂಬ ಇಳಿಸಿದ ಶಟರು. ಓದೋಕೆ ಬೇರೇನೂ ಇಲ್ಲದೆ ಬೋರ್ಡುಗಳನ್ನು ಓದಿದೆ. ಯಾವುದೋ ಪೊಲೀಸ್ ಎಸ್ಪಿ ಸಾಹೇಬರ ರಸ್ತೆ ಅಂತ ಇಷ್ಟು ವರ್ಷ ನಂಬಿದ್ದೆ. ಅದು ಸಾದರ ಪತ್ರಪ್ಪ ರಸ್ತೆ ಅಂತೆ.

ಶನಿವಾರ ಮತ್ತೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದೆ. ಮೊದಲ ಅಂಗಡಿ 1,400. ಎರಡನೇದು 1,150. ಮೂರನೇದು 1,000. ಮೂವರೂ ದನಿ ತಗ್ಗಿಸಿ ಒಂದೇ ಮಾತು ಹೇಳಿದರು: "ನಿಮಗೆ ಅಂತ ಡೀಲರ್ ರೇಟು ಸರ್." ಬಿಲ್ ಕೇಳಿದರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಬಿಲ್ ಬೇಡ ಅಂದರೆ ವಾರಂಟಿ ಮೆಟ್ಟಿಲು ಇಳಿಯೋವರೆಗೆ.

ಎಲ್ಲರಿಗೂ ಡೀಲರ್ ರೇಟು ಅಂದಮೇಲೆ ನಿಜವಾದ ಡೀಲರಿಗೆ ಎಷ್ಟಿರಬಹುದು? ನಾಲ್ಕನೇ ಅಂಗಡಿಗೆ ನಾನೇ ಡೀಲರ್ ಆಗಿ ನುಗ್ಗಿದೆ.

"ಸರಿಯಾದ ರೇಟ್ ಹೇಳಪ್ಪ. ನಾವೂ ಇದೇ ಲೈನಲ್ಲಿರೋರು."

"ಎಲ್ಲಿ ಸರ್ ಅಂಗಡಿ?"

"ಬನಶಂಕರಿ."

"ಎಷ್ಟು ಪೀಸ್ ಕೊಡ್ಲಿ?"

"ಒಂದು."

ಹುಡುಗ ಮೊಬೈಲಿನಿಂದ ತಲೆ ಎತ್ತಿದ. "ಯಾವ ತಲೆಮಾರಿಂದು, ಡಿಡಿಆರ್ 3ಆ, 4ಆ?"

"ಯಾವುದು ಹೊಸದೋ ಅದು."

ಅವನು ಎರಡು ಮೆಮೊರಿ ಪಟ್ಟಿ ತಂದು ಗಾಜಿನ ಮೇಲೆ ಜೋಡಿಸಿಟ್ಟ. "ನೋಡಿ ಅಂಕಲ್, ಕಚ್ಚು ಎರಡಕ್ಕೂ ಬೇರೆ ಬೇರೆ ಕಡೆ ಇದೆ. ಇದಕ್ಕೆ 240 ಪಿನ್ನು, ಅದಕ್ಕೆ 288. ನಿಮ್ಮದು ಯಾವ ವರ್ಷದ್ದು? 2011ಆ? ಹಾಗಾದ್ರೆ 3ನೇದೇ. 4 ಬಂದಿದ್ದೇ 2014ರಲ್ಲಿ."

'ಸರ್' ಯಾವಾಗ 'ಅಂಕಲ್' ಆಯಿತು ಅಂತ ಗಮನಿಸಿದಿರಲ್ಲ? ಹಳೇ ಮಾಲು, 850 ಅಂದ. ಚೌಕಾಸಿ ಮಾಡುವ ಮುಖ ನನಗೆ ಉಳಿದಿರಲಿಲ್ಲ. ಕೊಟ್ಟೆ. ಹೊರಗೆ ಬರುವಾಗ ಹಿಂದಿನಿಂದ ಕೇಳಿಸಿತು: "ಬನಶಂಕರಿ ಡೀಲರ್ ಹೋದ್ರಾ?"

ಮನೆಗೆ ಬಂದು ಪಟ್ಟಿ ಕೂರಿಸಿದೆ. ಕೀಂ ಕೀಂ ಅಂತ ಕೂಗಿತೇ ಹೊರತು ಪರದೆ ಬೆಳಗಲಿಲ್ಲ. ಮಗಳು ಅದನ್ನು ಕಿತ್ತು, ಹೊಳೆಯುವ ಅಂಚನ್ನು ತನ್ನ ರಬ್ಬರಿನಿಂದ ಉಜ್ಜಿ, ಟಕ್ ಅನ್ನುವ ಹಾಗೆ ಒತ್ತಿದಳು. ಬಂತು! ಪರದೆ ಹೇಳಿತು: ಇರೋದು 6 ಜಿಬಿ, ಬಳಸಬಹುದಾದದ್ದು 3.24.

"ಅಪ್ಪಾ, ನಮ್ಮದು 32 ಬಿಟ್ ವಿಂಡೋಸ್. ಅದಕ್ಕೆ 4 ಜಿಬಿ ದಾಟಿದರೆ ಲೆಕ್ಕವೇ ಬರಲ್ಲ. ಅದರಲ್ಲೂ ಒಂದಷ್ಟು ಡಿಸ್‌ಪ್ಲೇ ಅದೂ ಇದೂ ಅಂತ ಎತ್ತಿಡುತ್ತೆ."

ಹೆಂಡತಿ ಎರಡು ಸಲದ ಮೆಟ್ರೋ ಚಾರ್ಜು ಕೂಡುತ್ತಿದ್ದಳು. ಅಷ್ಟರಲ್ಲಿ ಭಾವನ ಫೋನು.

"ಎಷ್ಟಕ್ಕೆ ಬಂತೋ?"

850 ಅಂದೆ. 3.24ರ ಸುದ್ದಿ ಎತ್ತಲಿಲ್ಲ.

"ಅಯ್ಯೋ, ಜಾಸ್ತಿ ಕೊಟ್ಯಲ್ಲೋ!"